ಪ್ರಚಾರದ ರಿಕ್ಷಾದಲ್ಲಿದ್ದ ದನಿ

ಮೊನ್ನೆ ಮಿರಜದಿಂದ ಕುಪವಾಡಕ್ಕೆ ಶೇರ್ ರಿಕ್ಷಾದಲ್ಲಿ ಬರುತ್ತಿದ್ದೆ. ಮುಂದೆ ಎಲ್ಲೋ ಲಾರಿ ಕೆಟ್ಟು ನಿಂತು ರಸ್ತೆ ಕಟ್ಟಿಹೋಗಿತ್ತು. ನಮ್ಮ ಮಗ್ಗುಲಿಗೆ ಅರಿಷಿಣದ ಚೀಲ ಹೇರಿದ ಟೆಂಪೋವೊಂದು ಬಂದು ನಿಂತಿತು. ಬಿಸಿಲಿಗೆ ಕಾದ ಗೋಣಿ, ಒಣ ಅರಿಷಿಣ, ಚೀಲಗಳ ಮೇಲೆ ಅಂಗಾತ ಮಲಗಿದ್ದ ಹಮಾಲನ ಬೆವರು... ಎಲ್ಲ ಕಲೆತ ವಾಸನೆ ಒಮ್ಮೆಲೇ ಮುಖಕ್ಕೆ ಬಡಿಯಿತು. ಪಕ್ಕದಲ್ಲಿದ್ದ ಹುಡುಗಿ ಓಢಣಿಯಿಂದ ಮೂಗು ಮುಚ್ಚಿಕೊಂಡಳು. ನಾನು ರಸ್ತೆ ತೆರವಾಗುವವರೆಗೂ ಟೆಂಪೋದ ಕಡೆಗೇ ಮುಖ ಮಾಡಿ ಕುಳಿತಿದ್ದೆ. ನಮ್ಮ ಪಕ್ಕದ ಮನೆಯ ಕಾಕಾನ ಮೈಯಿಂದ ಬರುತ್ತಿದ್ದುದು ಇದೇ ವಾಸನೆ.

ಕಾಕಾ ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದರು. ಅರಿಷಿಣದ ಅಡತಿ ಅಂಗಡಿಗಳಲ್ಲಿ ಚೀಲ ಹೊತ್ತು ಹೊತ್ತು ಅವರ ಕುತ್ತಿಗೆ, ಕಿವಿಯ ಸಂದಿ, ಉಗುರು ಎಲ್ಲ ಹಳದಿಯಾಗಿದ್ದವು. ಸಂಜೆ ಬಾಗಿಲ ಮುಂದಿನ ಕಲ್ಲಿನ ಮೇಲೆ ಕುಳಿತು ಮೈ ತೊಳೆದುಕೊಂಡರೆ ನಮ್ಮೆರಡೂ ಮನೆಗಳ ಮುಂದಿನ ಗಟಾರದಲ್ಲಿ ಹಳದಿ ನೀರು ಹರಿಯುತ್ತಿತ್ತು. "ಮಂದಿ ಮನ್ಯಾಗ ಮದುವಿಗೊಮ್ಮೆ ಅರಿಷಿಣ ಹಚ್ಚತಾರ, ನಮ್ಮನ್ಯಾಗ ದಿನಾ ಐತಿ ನೋಡವಾ ಈ ಶಾಸ್ತ್ರ" ಎಂದು ಕಾಕು ನಗುತ್ತಿದ್ದರು. ಕಾಕು ಅಂದರೆ ಕಾಕಾನ ಹೆಂಡತಿ. ಅವರಿಗೆ ಮಕ್ಕಳಿರಲಿಲ್ಲ.

ನಾನು ಅಥಣಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಕುಪವಾಡದ ಈ ಕೂಲಿಕಾರರ ಬಸ್ತಿಗೆ ಬಂದವಳು. ಗಂಡ ಎಂಐಡಿಸಿಯ, ಅಂದರೆ ಕಾರ್ಖಾನೆಗಳ ವಸಾಹತಿನ, ಒಂದು ಲೇಥ್ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದರು. ನನಗೆ ಆಗ ಮರಾಠಿ ಬರುತ್ತಿರಲಿಲ್ಲ. ನಳದ ಹತ್ತಿರ, ರೇಶನ್ ಅಂಗಡಿಯ ಹತ್ತಿರ ಮೂಕಿಯ ಹಾಗೆ ನಿಂತು ಬರುತ್ತಿದ್ದೆ. ಆ ದಿನಗಳಲ್ಲಿ ಗೋಡೆಯಾಚೆಯಿಂದ ಬರುತ್ತಿದ್ದ ಕಾಕಾನ ಕನ್ನಡದ ಮಾತು ನನಗೆ ದೊಡ್ಡ ಆಸರೆಯಾಗಿತ್ತು. ಕಾಕಾನಿಗೆ ಸಣ್ಣ ದನಿಯಲ್ಲಿ ಮಾತಾಡಲು ಬರುತ್ತಲೇ ಇರಲಿಲ್ಲ. ಪಲ್ಯದಲ್ಲಿ ಉಪ್ಪು ಕಡಿಮೆ ಎಂದು ಅವರು ಅಲ್ಲಿ ಹೇಳಿದರೆ ನಾನು ಇಲ್ಲಿ ನನ್ನ ಒಲೆಯ ಮುಂದೆ ಉಪ್ಪಿನ ಡಬ್ಬಿಗೆ ಕೈ ಹಾಕುತ್ತಿದ್ದೆ. ಅದು ಬರೀ ಜೋರಾದ ದನಿಯಲ್ಲ. ಹೊಟ್ಟೆಯ ತಳದಿಂದ ಎದ್ದು ಬಂದು ಎದೆಯಲ್ಲಿ ಒಂದಿಷ್ಟು ಹೊತ್ತು ನಿಂತು ಹೊರಬೀಳುವಂಥದು. ಶ್ರಾವಣದ ಭಜನೆಯಲ್ಲಿ ಮೊದಲ ಸಾಲನ್ನು ಅವರೇ ಎತ್ತಬೇಕು. ಅವರು ಊರಿಗೆ ಹೋಗಿದ್ದರೆ ಆ ವಾರ ಭಜನೆಯೇ ಇಲ್ಲ.

ಆ ದನಿಗೆ ಬೆಲೆಯಿದೆ ಎಂದು ಮೊದಲು ಕಂಡುಕೊಂಡವರು ಅಣ್ಣಾ.

ಅಣ್ಣಾ ಕೂಡ ಹಮಾಲನ ಮಗನೇ. ಮರಾಠಿ ಮನೆಯವರು. ಮಾರ್ಕೆಟ್ಟಿನಲ್ಲಿ ಹಮಾಲರನ್ನು ಒಟ್ಟುಗೂಡಿಸಿ ಅವರ ಪರವಾಗಿ ವ್ಯಾಪಾರಿಗಳ ಎದುರು ನಿಂತು ಮಾತಾಡುತ್ತಿದ್ದರು. ಕನ್ನಡವನ್ನು ಅಲ್ಲಿಯೇ ಚೀಲಗಳ ನಡುವೆ ಕಲಿತವರು. ನಾನು ಬಂದ ವರ್ಷವೇ ಅವರನ್ನು ಮೊದಲ ಸಲ ನೋಡಿದೆ. ನಮ್ಮ ಬಸ್ತಿ ಎದ್ದಿದ್ದು ಸರಕಾರಿ ಜಾಗದಲ್ಲಿ. ಒಂದು ದಿನ ಬೆಳಿಗ್ಗೆ ಪೊಲೀಸರ ಜೊತೆ ಜೆಸಿಬಿ ಬಂತು. ಹೆಂಗಸರು ಪಾತ್ರೆ, ಹಾಸಿಗೆ, ಮಕ್ಕಳನ್ನು ಹೊರಗೆ ಎಳೆದು ಹಾಕುತ್ತಿದ್ದರು. ಅಷ್ಟರಲ್ಲಿ ಅಣ್ಣಾ ಸೈಕಲ್ಲಿನಲ್ಲಿ ಬಂದರು. ಸೈಕಲ್ ಬಿಸಾಕಿ ನೇರವಾಗಿ ಹೋಗಿ ಜೆಸಿಬಿಯ ಮುಂದೆ ನೆಲದ ಮೇಲೆ ಮಲಗಿಬಿಟ್ಟರು. ಕಾಕಾ ಹೋಗಿ ಅವರ ಮಗ್ಗುಲಲ್ಲಿ ಮಲಗಿದರು. ಲಾಠಿ ಬಿತ್ತು. ಅಣ್ಣಾನ ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಕಾಕಾ ತಮ್ಮ ಟವೆಲ್ ಹರಿದು ಕಟ್ಟಿದರು. ಜೆಸಿಬಿ ವಾಪಸ್ಸು ಹೋಯಿತು.

ಆ ದಿನ ಅಣ್ಣಾ ಮಾಡಿದ್ದು ನಾಟಕವಾಗಿರಲಿಲ್ಲ. ಮುಂದೆ ಏನೇನು ಆಯಿತೋ ಅದೆಲ್ಲ ಆದ ಮೇಲೂ ನಾನು ಈ ಮಾತನ್ನು ಹಾಗೆಯೇ ಹೇಳುತ್ತೇನೆ. ಅವರ ಕಾಲು ನಡುಗುತ್ತಿದ್ದುದನ್ನು ನಾನು ನೋಡಿದ್ದೆ. ನಡುಗುತ್ತಲೇ ಮಲಗಿದ್ದರು. ಅದೊಂದು ಇಲ್ಲದಿದ್ದರೆ ಅವರನ್ನು ಮರೆತುಬಿಡುವುದು ನಮಗೆಲ್ಲ ಎಷ್ಟು ಸುಲಭವಾಗುತ್ತಿತ್ತು...

ಅಂದು ಮಧ್ಯಾಹ್ನ ಅಣ್ಣಾ ಕಾಕಾನ ಮನೆಯಲ್ಲಿ ಊಟ ಮಾಡಿದರು. ಕಾಕು ರೊಟ್ಟಿ, ಝುಣಕಾ ಮಾಡಿದ್ದರು. ಮನೆಯಲ್ಲಿ ತಾಟು ಕಡಿಮೆ ಎಂದು ಅಣ್ಣಾ ಕಾಕಾನ ತಾಟಿನಲ್ಲೇ ಕೈ ಹಾಕಿ ಉಂಡರು. ಆಮೇಲೆ ಕಾಕಾನ ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲಿ ಅಣ್ಣಾನ ಫೋಟೋ ಬಂತು. ಹಬ್ಬದ ದಿನ ಕಾಕು ಎಲ್ಲ ಪಟಗಳಿಗೂ ಕುಂಕುಮ ಹಚ್ಚುತ್ತಿದ್ದರು, ಅದೊಂದನ್ನು ಬಿಟ್ಟಿರಲಿಲ್ಲ.

ಅಣ್ಣಾ ನಗರಸೇವಕನ, ಅಂದರೆ ಕಾರ್ಪೊರೇಟರನ, ಚುನಾವಣೆಗೆ ನಿಂತರು. ನಮ್ಮ ವಾರ್ಡಿನಲ್ಲಿ ಅಥಣಿ, ಜತ್ತ, ವಿಜಯಪುರದ ಕಡೆಯಿಂದ ಕೂಲಿಗೆ ಬಂದವರೇ ಬಹಳ. ಅವರ ಮುಂದೆ ಕನ್ನಡದಲ್ಲಿ ಕೂಗುವವರು ಬೇಕಿತ್ತು. ಕಾಕಾ ಮಾರ್ಕೆಟ್ಟಿಗೆ ರಜೆ ಹಾಕಿ ಪ್ರಚಾರದ ರಿಕ್ಷಾ ಹತ್ತಿದರು. ಮಾತುಗಳನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಕಾಕಾನಿಗೆ ಓದಲೂ ಬರುತ್ತಿರಲಿಲ್ಲ.

"ಯವ್ವಗೋಳ್ರ್ಯಾ, ಅಕ್ಕಗೋಳ್ರ್ಯಾ, ನಾ ನಿಮ್ಮ ಮನಿ ಮನಿಶ್ಯಾ ಮಾತಾಡಾಕತ್ತೇನಿ. ಅಣ್ಣಾ ಇರೂತನಾ ನಿಮ್ಮ ಮನಿ ಮ್ಯಾಲಿನ ಒಂದ ಪತ್ರಾ ಅಳ್ಳಾಡೂದಿಲ್ಲ. ನಾ ಸುಳ್ಳ ಹೇಳಿದ್ರ ನನ್ನ ನಾಲಿಗಿ ಬಿದ್ದ ಹೋಗ್ಲಿ."

ತಗಡಿನ ಪತ್ರಾಗಳ ಕೆಳಗೆ ಬದುಕುವ ಮಂದಿಗೆ ಇದಕ್ಕಿಂತ ದೊಡ್ಡ ಭಾಷಣ ಬೇಕಿರಲಿಲ್ಲ. ಹೆಂಗಸರು ರೊಟ್ಟಿ ಬಡಿಯುವುದನ್ನು ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಅಣ್ಣಾ ಗೆದ್ದರು. ನಮ್ಮ ಓಣಿಗೆ ನಳ ಬಂತು, ದೀಪ ಬಂತು. ಎರಡನೆಯ ಚುನಾವಣೆಗೆ ಕಾಕಾನನ್ನು ಸಾಂಗಲಿಯ ಒಂದು ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಅವೇ ಮಾತುಗಳನ್ನು ರೆಕಾರ್ಡ್ ಮಾಡಿಸಿದರು. ಮೊದಲ ಸಲ ರಿಕ್ಷಾದಿಂದ ತಮ್ಮ ದನಿ ತಮಗೇ ಕೇಳಿ ಬಂದಾಗ ಕಾಕಾ ನಾಚಿಕೊಂಡು ಒಳಗೆ ಹೋಗಿಬಿಟ್ಟರು. ಕಾಕು ಅವರ ಕೈ ಹಿಡಿದು ಎಳೆದು ಹೊರಗೆ ತಂದು ನಿಲ್ಲಿಸಿದ್ದರು.

ಅದೇ ಪ್ರಚಾರದಲ್ಲಿ ಕಾಕಾನ ಗಂಟಲು ಕೂತಿತು. ಬಹಳ ಕೂಗಿದ್ದಕ್ಕೆ ಹೀಗಾಗಿದೆ ಎಂದು ಎಲ್ಲರೂ ತಿಳಿದರು. ಶುಂಠಿ, ಜೇನುತುಪ್ಪ, ಬಿಸಿನೀರಿಗೆ ಉಪ್ಪು, ಎಲ್ಲ ಆಯಿತು. ದನಿ ತಗಡಿನ ಮೇಲೆ ಕಲ್ಲು ಎಳೆದಂತಾಯಿತು. ನನ್ನ ಗಂಡ ಒತ್ತಾಯ ಮಾಡಿ ಮಿರಜದ ಡಾಕ್ಟರಿಗೆ ತೋರಿಸಿದರು. ತಡ ಮಾಡಬೇಡಿ, ಗಂಟಲಿನ ತುಣುಕು ತೆಗೆದು ತಪಾಸಣೆ ಮಾಡಬೇಕು, ಇದೇ ವಾರ ಬನ್ನಿ ಎಂದು ಡಾಕ್ಟರು ಹೇಳಿದರು. ಕಾಕಾ ಬಂದು ಅಣ್ಣಾನಿಗೆ ತಿಳಿಸಿದರು. ಬಾಗಿಲಲ್ಲಿ ನಾನೂ ನಿಂತಿದ್ದೆ.

"ಇಲೆಕ್ಷನ್ ಒಂದ ಮುಗೀಲಿ ಕಾಕಾ," ಎಂದರು ಅಣ್ಣಾ. "ಮುಗದ ಮರುದಿನ ನಾನ ಕರ್ಕೊಂಡ ಹೋಗತೇನಿ, ಮುಂಬಯಿಗೆ. ಈಗ ನೀವು ಮಲಗಿದ್ರ ಓಣಿ ಮೂಲಿ ಸಭಾದಾಗ ಕನ್ನಡದಾಗ ಮಾತಾಡವ್ರು ಯಾರ? ನೀವು ಮಲಗಿದ್ರ ನಾ ಬಿದ್ದೆ."

ತಾನು ಮಲಗಿದರೆ ಅಣ್ಣಾ ಬೀಳುತ್ತಾನೆ ಎಂಬ ಮಾತು ಕಾಕಾನಿಗೆ ಔಷಧಕ್ಕಿಂತ ಹೆಚ್ಚಾಯಿತು. ಒಡೆದ ಗಂಟಲಿನಲ್ಲೇ ಓಣಿ ಓಣಿ ಕೂಗಿದರು. ಕೂಗಿ ಬಂದು ಗಟಾರಕ್ಕೆ ಉಗುಳಿದರೆ ಎಳೆ ಎಳೆ ರಕ್ತ. ಅಣ್ಣಾ ಮತ್ತೆ ಗೆದ್ದರು. ಗೆದ್ದ ದಿನದ ಗುಲಾಲಿನಲ್ಲಿ ಕಾಕಾ ಉಸಿರುಗಟ್ಟಿ ಕೆಮ್ಮುತ್ತಾ ಕುಣಿದರು. ಮುಂಬಯಿಯ ಮಾತು ಈ ವಾರ, ಬರುವ ವಾರ ಎನ್ನುತ್ತಾ ಹೋಗಿ ಕಡೆಗೆ ನಿಂತುಹೋಯಿತು. ಕಾಕಾನಿಗೆ ಅನ್ನ ನುಂಗಲು ಬರದಂತಾದಾಗ ನಾವೇ ಮಿರಜದ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆವು. ಗಂಟಲಿನಲ್ಲಿ ದನಿ ಹುಟ್ಟುವ ಜಾಗವನ್ನೇ ತೆಗೆಯಬೇಕಾಗುತ್ತದೆ, ಮೊದಲೇ ಬಂದಿದ್ದರೆ ಉಳಿಸಬಹುದಿತ್ತೇನೋ ಎಂದರು ಡಾಕ್ಟರು. "ಇಷ್ಟ ದಿನಾ ಎಲ್ಲಿದ್ರಿ?" ಎಂದು ಅವರು ಕೇಳಿದಾಗ ಕಾಕಾ ಉಳಿದಿದ್ದ ದನಿಯಲ್ಲಿ, "ಪ್ರಚಾರದಾಗ" ಎಂದರು. ಡಾಕ್ಟರಿಗೆ ಅದು ಚೇಷ್ಟೆಯಂತೆ ಕೇಳಿಸಿರಬೇಕು. ನಕ್ಕರು.

ಆಪರೇಶನ್ ಆದ ಮೇಲೆ ಅಣ್ಣಾ ಒಮ್ಮೆ ಬಂದರು. ಹೂಗುಚ್ಛ ತಂದಿದ್ದರು, ಫೋಟೋ ತೆಗೆಯುವವನನ್ನೂ ತಂದಿದ್ದರು. ಕಾಕಾನ ಎರಡೂ ಕೈಗಳನ್ನು ತಾವೇ ಹಿಡಿದು ಜೋಡಿಸಿದರು, ಫೋಟೋ ಆಯಿತು. ಕಾಕಾ ಅಳುತ್ತಿದ್ದರು. ಅದು ಸಂತೋಷದ ಅಳು. ಅಣ್ಣಾ ಬಂದ, ಅಣ್ಣಾ ಬಂದ ಎಂದು ತುಟಿ ಮಾತ್ರ ಅಲ್ಲಾಡುತ್ತಿತ್ತು.

ಆಮೇಲೆ ಕಾಕಾನ ಕುತ್ತಿಗೆಯ ಬುಡದಲ್ಲಿ ಒಂದು ರಂಧ್ರ ಉಳಿಯಿತು. ಅವರು ಉಸಿರಾಡಬೇಕಾದದ್ದು ಅದರಿಂದಲೇ. ಧೂಳು ಹೋಗಬಾರದೆಂದು ಅದರ ಮುಂದೆ ತೆಳುವಾದ ಬಿಳಿ ಬಟ್ಟೆ ಇಳಿಬಿಟ್ಟುಕೊಳ್ಳುತ್ತಿದ್ದರು. ಉಸಿರು ಬಿಗಿಹಿಡಿಯಲಾರದವನು ಚೀಲ ಎತ್ತಲಾರ. ಹಮಾಲಿ ಮುಗಿಯಿತು. ಕಾಕು ಎಂಐಡಿಸಿಯ ಫ್ಯಾಕ್ಟರಿಯೊಂದರಲ್ಲಿ ಕಸ ಗುಡಿಸುವ ಕೆಲಸ ಹಿಡಿದರು. ಅವರಿಗೆ ಕಣ್ಣು ಮಂದವಾಗುತ್ತಾ ಬಂದಿತ್ತು, ಗಂಡನ ತುಟಿ ನೋಡಿ ಮಾತು ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು. ದಿನಾ ಎದುರಿಗೆ ಕುಳಿತು ಪಾತ್ರೆ ತಿಕ್ಕುತ್ತಾ ತಿಕ್ಕುತ್ತಾ ಅಭ್ಯಾಸವಾಗಿತ್ತು. ಹೀಗೆ ಗಂಡ ಹೆಂಡತಿಯ ನಡುವೆ ನಾನು ನಿಂತು ಮಾತು ದಾಟಿಸಬೇಕಾಯಿತು. ಕಾಕಾ ಬೈದರೆ ಬೈಗುಳವನ್ನೂ ದಾಟಿಸುತ್ತಿದ್ದೆ. ಕಾಕು ನನಗೇ ತಿರುಗಿ ಬೈಯುತ್ತಿದ್ದರು. ಒಮ್ಮೊಮ್ಮೆ ಮೂವರೂ ನಗುತ್ತಿದ್ದೆವು.

ಮತ್ತೆ ಗಡ್ಡೆ ಕಾಣಿಸಿತೆಂದು ನಾವು ಕರೆಂಟು ಎನ್ನುವ ರೇಡಿಯೇಶನ್ ಚಿಕಿತ್ಸೆ ಶುರುವಾಯಿತು. ಕಾಕಾ, ಕಾಕು ಇಬ್ಬರೂ ಹಲವು ವಾರ ಮಿರಜದಲ್ಲೇ ದವಾಖಾನೆಯ ಹತ್ತಿರದ ಧರ್ಮಶಾಲೆಯಲ್ಲಿ ಉಳಿದರು. ಅಷ್ಟರಲ್ಲಿ ಅಣ್ಣಾ ಪಕ್ಷ ಬದಲಿಸಿದ್ದರು. ಯಾವ ವ್ಯಾಪಾರಿಗಳ ಎದುರು ಕೂಗುತ್ತಿದ್ದರೋ ಅವರ ಜೊತೆಗೇ ಕಟೌಟುಗಳಲ್ಲಿ ನಿಂತಿದ್ದರು. ಮಂದಿ ಅವರನ್ನು ಸಾಹೇಬ ಎನ್ನತೊಡಗಿದ್ದರು. ಆ ದಿನಗಳಲ್ಲೇ ಒಂದು ಬೆಳಿಗ್ಗೆ ಜೆಸಿಬಿ ಬಂದು ನಮ್ಮ ಬಸ್ತಿಯ ಮುಂದಿನ ಸಾಲನ್ನು, ರಸ್ತೆಯ ಕಡೆಯ ಮನೆಗಳನ್ನು, ಮಧ್ಯಾಹ್ನದೊಳಗೆ ನೆಲಸಮ ಮಾಡಿತು. ಹೆಂಗಸರು ಸಾಹೇಬರ ಬಂಗಲೆಗೆ ಓಡಿಹೋದರು. ಸಾಹೇಬರು ಪೂಜೆಯಲ್ಲಿದ್ದಾರೆ ಎಂದು ಗೇಟಿನಲ್ಲೇ ನಿಲ್ಲಿಸಿದರು. ಮನೆಗಳು ಬಿದ್ದ ಜಾಗದಲ್ಲಿ ಗೋದಾಮು ಎದ್ದಿತು. ಗೋದಾಮು ಸಾಹೇಬರ ಅಳಿಯನದು.

ಕಾಕಾ ಮರಳಿ ಬಂದವರು ಬಸ್ತಿಯ ಬಾಯಿಯಲ್ಲಿ ರಿಕ್ಷಾದಿಂದ ಇಳಿದು ಬಹಳ ಹೊತ್ತು ಅಲ್ಲೇ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು. 'ಅಣ್ಣಾ ಎಲ್ಲಿದ್ದ?'

"ಬರಲಿಲ್ರಿ ಕಾಕಾ," ಎಂದೆ.

'ಅಂವಗ ಗೊತ್ತಿಲ್ಲ,' ಎಂದವು ತುಟಿಗಳು. 'ಅಂವಗ ಯಾರೂ ಹೇಳಿಲ್ಲ.'

ಹಿಂದಿನ ಸಾಲಿನಲ್ಲಿದ್ದ ನಮ್ಮ ಮನೆಗಳು ಉಳಿದಿದ್ದವು, ಕಾಕಾನ ಮನೆಯೂ ಉಳಿದಿತ್ತು. ಮನೆ ಕಳೆದುಕೊಂಡವರು ನಾಲೆಯ ದಂಡೆಯ ಮೇಲೆ ತಾಡಪತ್ರಿಯ ಗುಡಿಸಲು ಕಟ್ಟಿಕೊಂಡಿದ್ದರು. ಅವರಲ್ಲಿ ಒಬ್ಬ ಮುದುಕಿ ಕಾಕಾನಿಗೆ ಪ್ರತಿವರ್ಷ ರಾಖಿ ಕಟ್ಟುತ್ತಿದ್ದವಳು. ಕಾಕಾ ನೋಡಲು ಹೋದರೆ ಅವಳು ಮುಖ ತಿರುಗಿಸಿದಳು. ಮನೆ ಕೆಡವುವುದು ಮೊದಲೇ ಗೊತ್ತಿದ್ದು ಕಾಕಾ ಬೇಕೆಂದೇ ಮಿರಜದಲ್ಲಿ ಕುಳಿತಿದ್ದ ಎಂಬ ಮಾತು ಆಗಲೇ ನಾಲೆಯ ದಂಡೆಯಲ್ಲಿ ಹುಟ್ಟಿತ್ತು. ಅಲ್ಲವೆಂದು ಹೇಳಲು ಕಾಕಾನಿಗೆ ದನಿ ಎಲ್ಲಿತ್ತು? ನಾನು ಹೇಳಿದೆ. ನೆರೆಮನೆಯವಳ ಮಾತನ್ನು ಯಾರು ನಂಬುತ್ತಾರೆ...

ಮತ್ತೆ ಚುನಾವಣೆ ಬಂತು. ಕಾಕಾ ಬಾಗಿಲ ಮುಂದಿನ ಕಲ್ಲಿನ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಾ ಕುಳಿತಿದ್ದರು. ನಾನು ಜೋಳ ಹಸನು ಮಾಡುತ್ತಿದ್ದೆ. ಕಾಕು ಫ್ಯಾಕ್ಟರಿಗೆ ಹೋಗಿದ್ದರು, ಆ ಸಲ ಪ್ರಚಾರದ ರಿಕ್ಷಾ ಬಂದದ್ದೆಲ್ಲ ಅವರಿಲ್ಲದ ಹೊತ್ತಿನಲ್ಲೇ. ಓಣಿಯ ತಿರುವಿನಿಂದ ರಿಕ್ಷಾ ಬಂತು. ಅದರೊಳಗಿನಿಂದ ಆ ದನಿ ಬಂತು.

ಯವ್ವಗೋಳ್ರ್ಯಾ, ಅಕ್ಕಗೋಳ್ರ್ಯಾ...

ಕಾಕಾನ ಕೈ ತಾನಾಗಿಯೇ ಗಂಟಲಿಗೆ ಹೋಯಿತು. ಒಂದು ಕ್ಷಣ ಅವರ ಮುಖ ಅರಳಿತ್ತು, ಅದನ್ನು ನಾನು ನೋಡಿದೆ. ಎಷ್ಟೋ ವರ್ಷಗಳಿಂದ ಕಾಣದಿದ್ದ ಮನೆಯ ಮಗ ಎದುರಿಗೆ ಬಂದು ನಿಂತ ಹಾಗೆ. ಮರುಕ್ಷಣ ಮಾತುಗಳು ಬಂದವು. ಅಣ್ಣಾ ಇರುವ ತನಕ ಒಂದು ಪತ್ರಾ ಅಲ್ಲಾಡುವುದಿಲ್ಲ. ಸುಳ್ಳು ಹೇಳಿದರೆ ನಾಲಿಗೆ ಬಿದ್ದುಹೋಗಲಿ. ಕಾಕಾ ಎದ್ದು ನಿಂತರು. ರಿಕ್ಷಾ ಅವರ ಮುಂದೆಯೇ ಹಾದು ನಾಲೆಯ ದಂಡೆಯ ಕಡೆಗೆ ಹೋಯಿತು.

ಸ್ವಲ್ಪ ಹೊತ್ತಿನಲ್ಲೇ ಆ ಮುದುಕಿ ಬಂದಳು. ಕೈಯಲ್ಲಿ ಮುಸುರೆಯ ಬಕೆಟ್ಟಿತ್ತು. ಕಾಕಾನ ಎದುರಿಗೆ ಬಂದು ನಿಂತು ಅವರ ಮೈಮೇಲೇ ಸುರಿದಳು.

"ನಿನ್ನ ಮನಿ ಉಳಿಸ್ಕೊಳ್ಳಾಕ ನಮ್ಮನ್ನ ಮಾರಿದೆಪಾ. ನಾಲಿಗಿ ಬಿದ್ದ ಹೋಗ್ಲಿ ಅಂದಿದ್ದಿ. ಬಿತ್ತಲ್ಲ? ದೇವರ ಕಣ್ಣ ತೆಗದ ನೋಡ್ಯಾನ."

ಅವಳು ಅರಚಲಿಲ್ಲ. ಅಷ್ಟನ್ನು ಹೇಳಿ ಖಾಲಿ ಬಕೆಟ್ ಹಿಡಿದು ಹೋದಳು. ಕಾಕಾನ ಕುತ್ತಿಗೆಯ ಬಟ್ಟೆ ಮುಸುರೆಯಿಂದ ನೆನೆದು ರಂಧ್ರಕ್ಕೆ ಅಂಟಿಕೊಂಡಿತ್ತು. ನಾನು ಓಡಿಹೋಗಿ ಕಿತ್ತು ತೆಗೆದೆ. ಅವರು ಉಸಿರೆಳೆದುಕೊಂಡರು. ಆಮೇಲೆ ನನ್ನ ಮುಂಗೈ ಹಿಡಿದು ಹೇಳಿದರು, 'ಅಣ್ಣಾನ ಕಡೆ ಹೋಗೂನು ನಡಿ. ಅಂವಗ ಹೇಳೂನು.'

ಮರುದಿನ ನಾವಿಬ್ಬರೂ ಸಾಹೇಬರ ಪ್ರಚಾರದ ಆಫೀಸಿಗೆ ಹೋದೆವು. ಕಾಕಾ ಒಗೆದ ಅಂಗಿ, ಹೊಸ ಬಿಳಿ ಬಟ್ಟೆ ಹಾಕಿಕೊಂಡಿದ್ದರು. ಒಳಗೆ ಬಹಳ ಮಂದಿಯಿದ್ದರು. ಸಾಹೇಬರು ಕಾಕಾನನ್ನು ನೋಡಿದ ಕೂಡಲೇ ಎದ್ದು ಬಂದರು.

"ಬರ್ರಿ ಕಾಕಾ, ಬರ್ರಿ. ಕುಂದ್ರಿ. ಏ, ಕಾಕಾಗ ಚಹಾ ತರ್ರಿ."

ಕಾಕಾ ಕೂರಲಿಲ್ಲ. ನಿಂತಲ್ಲಿಂದಲೇ ನಿಧಾನವಾಗಿ, ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿ ಹೇಳಿದರು. ನಾನು ಅದನ್ನು ಗಟ್ಟಿಯಾಗಿ ಹೇಳಿದೆ. "ರಿಕ್ಷಾದಾಗ ಅವರ ದನಿ ಹಚ್ಚೂದ ನಿಂದರಸ್ರಿ ಅಂತಾರ್ರಿ. ಆ ಮಾತ ಈಗ ಖರೆ ಉಳದಿಲ್ಲ ಅಂತಾರ್ರಿ."

ಸಾಹೇಬರು ನನ್ನ ಕಡೆ ನೋಡದೆ, "ಯಾರಿಕಿ?" ಎಂದರು. ನೆರೆಮನೆಯವಳು ಎಂದು ಯಾರೋ ಹೇಳಿದರು. ಸಾಹೇಬರು ಕಾಕಾನ ಹೆಗಲ ಮೇಲೆ ಕೈ ಹಾಕಿ ಕುಳಿತ ಮಂದಿಯ ಕಡೆಗೆ ತಿರುಗಿದರು.

"ಕಾಕಾ ಏನಂತಾರ ಅನ್ನೂದ ನನಗ ಮತ್ತೊಬ್ಬರು ಹೇಳಬೇಕೇನು? ಒಂದ ತಾಟಿನಾಗ ಉಂಡವ್ರು ನಾವು. ಕಾಕಾ ಹೇಳಾಕತ್ತಾರ, ನನ್ನ ಗಂಟಲ ಹೋದ್ರೂ ಅಣ್ಣಾನ ಕೆಲಸ ನಿಂದರಬಾರದು ಅಂತ."

ಕಾಕಾ ಅಲ್ಲ ಅಲ್ಲ ಎಂದು ತಲೆ ಅಲ್ಲಾಡಿಸಿದರು. ಕೈಯನ್ನೂ ಬೀಸಿದರು.

"ನೋಡ್ರಿ, ಎಷ್ಟ ಭಾವನಾ ತುಂಬಿ ಬಂದಾವ ಅವರಿಗೆ," ಎಂದರು ಸಾಹೇಬರು.

ಮಂದಿ ಚಪ್ಪಾಳೆ ತಟ್ಟಿದರು. ಯಾರೋ ಶಾಲು ತಂದರು. ಸಾಹೇಬರು ಅದನ್ನು ಕಾಕಾನಿಗೆ ಹೊದಿಸಿ ಎದೆಯ ಮೇಲೆ ಎರಡೂ ಅಂಚು ಕೂಡಿಸಿ ಬಿಗಿಯಾಗಿ ಹಿಡಿದರು, ಫೋಟೋಕ್ಕಾಗಿ. ದಪ್ಪ ಶಾಲು. ಕಾಕಾನ ರಂಧ್ರ ಮುಚ್ಚಿಹೋಯಿತು. ಅವರ ಕಣ್ಣು ದೊಡ್ಡವಾದವು, ಕಾಲು ಕುಸಿಯತೊಡಗಿದವು. "ಉಸರ, ಉಸರ" ಎಂದು ನಾನು ಚಪ್ಪಾಳೆಯ ನಡುವೆ ನುಗ್ಗಿ ಶಾಲು ಎಳೆದೆ. ಕಾಕಾ ಕೆಮ್ಮಿದರು. ಒಳಗಿನ ಕಫ, ರಕ್ತ ಎಲ್ಲ ಆ ರಂಧ್ರದಿಂದ ಹಾರಿ ಸಾಹೇಬರ ಬಿಳಿ ಅಂಗಿಯ ತೋಳಿನ ಮೇಲೆ ಬಿತ್ತು. ಸಾಹೇಬರು ತೋಳನ್ನು ನೋಡಿಕೊಂಡರು. ಸಿಟ್ಟು ಮಾಡಲಿಲ್ಲ. ಸಣ್ಣ ದನಿಯಲ್ಲಿ, "ಹೊರಗ ಗಾಳಿಗೆ ಕರ್ಕೊಂಡ ಹೋಗ್ರಿ" ಎಂದರು. ನಾವು ಮೆಟ್ಟಿಲಿಳಿಯುವಾಗ ಬೇರೆ ಅಂಗಿ ತರಲು ಒಳಗೆ ಹೇಳುತ್ತಿದ್ದುದು ಕೇಳಿಸಿತು.

ದಾರಿಯಲ್ಲಿ ಕಾಕಾ ಒಂದು ಮರದ ಕೆಳಗೆ ಕೂತರು. ಉಸಿರು ಹದಕ್ಕೆ ಬಂದ ಮೇಲೆ ತುಟಿ ಅಲ್ಲಾಡಿಸಿದರು. 'ನಾ ಹೇಳಿದ್ದು ಅಂವಗ ತಿಳೀತು.'

ಅಷ್ಟೇ. ಮತ್ತೆ ಅದೇ ಮಾತನ್ನು ಹೇಳಿದರು. ತಿಳಿಯದೆ ಹೀಗೆ ಮಾಡಿದ್ದರೆ ಅವರು ಆ ಮನುಷ್ಯನನ್ನು ಇನ್ನೂ ನಂಬಿಕೊಂಡೇ ಇರುತ್ತಿದ್ದರು. ಮನೆಗೆ ಬಂದವರೇ ಗೋಡೆಯ ಮೇಲಿನ ಫೋಟೋ ಇಳಿಸಿ ಒಲೆಯೊಳಗೆ ಇಟ್ಟರು.

ಮರುದಿನದಿಂದ ಕಾಕಾ ರಿಕ್ಷಾದ ಹಿಂದೆ ನಡೆಯತೊಡಗಿದರು. ರಿಕ್ಷಾದಲ್ಲಿ ಅವರ ದನಿ, ಹಿಂದೆ ಅವರು. ಎರಡೂ ಕೈ ಎತ್ತಿ ಅಲ್ಲ, ಅಲ್ಲ, ಸುಳ್ಳು ಎಂದು ಬೀಸುತ್ತಾ ಧೂಳಿನಲ್ಲಿ ನಡೆಯುತ್ತಿದ್ದರು. ಮಾಳಿಗೆಗಳ ಮೇಲಿಂದ ನೋಡುವವರಿಗೆ ಅದು ಬೇರೆಯೇ ಕಂಡಿತು. "ನೋಡ, ಗಂಟಲ ಹೋದ್ರೂ ಪ್ರಚಾರ ಬಿಡವಲ್ಲ ಮುದುಕ" ಎಂದರು. ಸಾಹೇಬರ ಹುಡುಗರಿಗೆ ಮೋಜು. ರಿಕ್ಷಾ ಓಡಿಸುವವನಿಗೆ ನಿಧಾನ ಮಾಡಲು ಹೇಳಿ ಕಾಕಾನ ಕೊರಳಿಗೆ ಪಕ್ಷದ ಪಟ್ಟಿ ಹಾಕಿದರು. ಕಾಕಾ ಕಿತ್ತೆಸೆದರು. ಮತ್ತೆ ಹಾಕಿದರು. ಹಿಂದೆ ಮಕ್ಕಳ ಸಾಲು ಸೇರಿಕೊಂಡು, ಕೈ ಬೀಸುತ್ತಾ ಬಾಯಿ ತೆರೆದು ಮುಚ್ಚುತ್ತಾ ಅವರ ಹಾಗೆಯೇ ನಡೆಯಿತು. ನಾಲೆಯ ದಂಡೆಯ ಹತ್ತಿರ ಆ ಮುದುಕಿ ಇದನ್ನು ನೋಡಿ ನೆಲಕ್ಕೆ ಉಗುಳಿದಳು. ನಾನು ಅವಳ ಕಾಲಿಗೆ ಬಿದ್ದು ನಿಜವನ್ನು ಹೇಳಿದೆ. "ಹಂಗಾರ ಅಂವಾ ಹೇಳ್ಲಿ," ಎಂದಳು. "ಆವಾಗ ಬಾಯಿ ತೆರದ ಹೇಳ್ಯಾನಲ್ಲ. ಈಗೂ ಹೇಳ್ಲಿ."

ಪ್ರಚಾರ ಮುಗಿಯುವ ಹೊತ್ತಿಗೆ ಕಾಕಾನ ಎದೆಗೆ ಧೂಳು ಇಳಿದು ಜ್ವರ ಬಂದಿತ್ತು. ಮತದಾನದ ದಿನ ಸಾಹೇಬರ ಹುಡುಗರೇ ಬಂದು ಅವರನ್ನು ಎತ್ತಿಕೊಂಡು ಹೋಗಿ ಮತ ಹಾಕಿಸಿ ತಂದು ಮಲಗಿಸಿದರು. ಒಳಗೆ ಯಾವ ಗುಂಡಿ ಒತ್ತಿದರೋ ನನಗೆ ಗೊತ್ತಿಲ್ಲ. ಮಲಗಿದಲ್ಲಿಂದಲೇ ಶಾಯಿ ಹಚ್ಚಿದ ಬೆರಳನ್ನು ಗೋಡೆಗೆ ತಿಕ್ಕುತ್ತಿದ್ದರು. ಚರ್ಮ ಸುಲಿದು ರಕ್ತ ಬಂದರೂ ಶಾಯಿ ಹೋಗಲಿಲ್ಲ.

ಸಾಹೇಬರು ಗೆದ್ದರು. ನಮ್ಮ ಹಿಂದಿನ ಸಾಲಿನವರು ಬಹುತೇಕ ಅವರಿಗೇ ಹಾಕಿದ್ದರು. ಹಾಕದಿದ್ದರೆ ಈ ಸಾಲೂ ಹೋಗುತ್ತದೆ ಎಂಬ ಅಂಜಿಕೆ. ನನ್ನ ಗಂಡನೂ ಅವರಿಗೇ ಹಾಕಿದರು, ನನಗೆ ಹೇಳಿಯೇ ಹಾಕಿದರು. ನಾಲೆಯ ದಂಡೆಯವರಲ್ಲಿಯೂ ಕೆಲವರು ಹಾಕಿದರಂತೆ.

ಮಳೆ ಶುರುವಾಗುವ ಮೊದಲೇ ಕಾಕಾ ಹೋದರು. ಮಧ್ಯಾಹ್ನ ಹೆಣವನ್ನು ಮನೆಯ ಮುಂದೆ ಕೂರಿಸಿದ್ದೆವು. ಸಾಹೇಬರು ಹಾರ ತೆಗೆದುಕೊಂಡು ಬಂದರು. ಹಾರ ಹಾಕಿ, ಕಾಕುವಿನ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತರು. ಆಮೇಲೆ ಎದ್ದು, "ನಮ್ಮ ಕಾಕಾನ ದನಿ ಸಾಯೂದಿಲ್ಲ" ಎಂದು ಹೇಳಿ ಯಾರಿಗೋ ಸನ್ನೆ ಮಾಡಿದರು. ಓಣಿಯ ಬಾಯಿಯಲ್ಲಿ ರಿಕ್ಷಾ ನಿಂತಿತ್ತು.

ಹೆಣದ ಮುಂದೆ ಕಾಕಾ ಮಾತಾಡತೊಡಗಿದರು. ನಾ ನಿಮ್ಮ ಮನಿ ಮನಿಶ್ಯಾ ಮಾತಾಡಾಕತ್ತೇನಿ... ಒಂದ ಪತ್ರಾ ಅಳ್ಳಾಡೂದಿಲ್ಲ. ಕೂತಲ್ಲಿಂದ ನೋಡಿದರೆ ಗೋದಾಮಿನ ಉದ್ದ ಗೋಡೆ ಎದುರಿಗೇ ಕಾಣುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಆ ರಿಕ್ಷಾದ ವಾಯರು ಕಿತ್ತು ಹಾಕಬೇಕೆಂದು ಎದ್ದೆ. ಕಾಕು ನನ್ನ ಸೆರಗು ಹಿಡಿದರು, ಬಲವಾಗಿ. ಅವರ ಮುಖ ರಿಕ್ಷಾದ ಕಡೆಗಿತ್ತು. ನಾಲಿಗಿ ಬಿದ್ದ ಹೋಗ್ಲಿ ಎಂಬಲ್ಲಿಗೆ ಬಂದು ದನಿ ನಿಂತಿತು.

"ಇನ್ನೊಮ್ಮೆ ಹಚ್ಚಪಾ," ಎಂದರು ಕಾಕು ಸಾಹೇಬರಿಗೆ. "ಅಂವನ ದನಿ ಕೇಳಿ ಎಷ್ಟ ವರ್ಷ ಆತು."

ಸಾಹೇಬರು ಕಣ್ಣೊರೆಸಿಕೊಂಡರು. ಆ ಕಣ್ಣೀರು ನಿಜವೇ ಇದ್ದಿರಬಹುದು. ನಾನು ಅವರನ್ನು ಎಂದೂ ಕ್ಷಮಿಸಲಾರದ್ದು ಅದೊಂದಕ್ಕಾಗಿ. ರಿಕ್ಷಾ ಮತ್ತೆ ಮಾತಾಡಿತು. ಹೊರಡುವ ಮೊದಲು ಅವರ ಮನುಷ್ಯನೊಬ್ಬ ಅದನ್ನು ಕಾಕುವಿನ ಸಣ್ಣ ಮೊಬೈಲಿಗೆ ಹಾಕಿಕೊಟ್ಟ.

ಕಾಕು ಈಗಲೂ ಪಕ್ಕದ ಮನೆಯಲ್ಲೇ ಇದ್ದಾರೆ. ಕಣ್ಣು ಪೂರ್ತಿ ಹೋಗಿವೆ. ಎರಡು ಹೊತ್ತು ನಾನೇ ಊಟ ಕೊಡುತ್ತೇನೆ. ಊಟ ಆದ ಮೇಲೆ ಅವರು ಮೊಬೈಲನ್ನು ಕಿವಿಗೆ ಹಿಡಿದುಕೊಂಡು ಆ ಮಾತುಗಳನ್ನು ಕೇಳುತ್ತಿದ್ದರು. ಆ ಹೊತ್ತಿಗೆ ನಾನು ಏನಾದರೊಂದು ನೆಪ ಮಾಡಿ ಎದ್ದು ಹೋಗುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಮೊಬೈಲು ನೀರಿನ ಕೊಡಕ್ಕೆ ಬಿತ್ತು. ಮಿರಜದ ಅಂಗಡಿಗಳಿಗೆ ಹೋಗಿ ತೋರಿಸಿದೆ. ಅದರೊಳಗಿನದು ಯಾವುದೂ ಬರುವುದಿಲ್ಲ ಎಂದರು.

ಈಗ ಮತ್ತೆ ಚುನಾವಣೆ. ಈ ಸಲ ಸಾಹೇಬರ ಮಗ ನಿಂತಿದ್ದಾನೆ. ರಿಕ್ಷಾಗಳಲ್ಲಿ ಸಿನಿಮಾ ಧಾಟಿಯ ಮರಾಠಿ ಹಾಡು. ಬಸ್ತಿಯ ಹುಡುಗರಿಗೆ ಈಗ ಕನ್ನಡ ಕೇಳಿದರೆ ತಿಳಿಯುತ್ತದೆ, ಆಡಲು ಬರುವುದಿಲ್ಲ. ಕನ್ನಡದ ದನಿ ಯಾರಿಗೂ ಬೇಕಾಗಿಲ್ಲ. ಪ್ರತಿ ರಿಕ್ಷಾ ಬಂದಾಗಲೂ ಕಾಕು ಗೋಡೆ ಹಿಡಿದು ಬಾಗಿಲಿಗೆ ಬರುತ್ತಾರೆ, ಕಿವಿಗೊಟ್ಟು ನಿಲ್ಲುತ್ತಾರೆ, ಒಳಗೆ ಹೋಗುತ್ತಾರೆ. ಮೊನ್ನೆ ನನ್ನ ಕೈ ಹಿಡಿದು, ಸಾಹೇಬರ ಆಫೀಸಿಗೆ ಕರೆದುಕೊಂಡು ಹೋಗು, ಅದನ್ನೇ ಹಚ್ಚಲು ಹೇಳೋಣ, ಹಚ್ಚಿದರೆ ಅವರಿಗೇ ಮತ ಹಾಕುತ್ತೇನೆ ಎಂದರು. ನಾನು ಕರೆದುಕೊಂಡು ಹೋದೆ. ಸಾಹೇಬರು ಇರಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತಿದ್ದವನಿಗೆ ಕಾಕಾ ಯಾರೆಂದು ಗೊತ್ತಿರಲಿಲ್ಲ. ಹುಡುಕಿ ನೋಡಿ, "ಜುನಂ ಹೋತಂ ಮಾವಶಿ, ಡಿಲೀಟ್ ಕೇಲಂ" ಎಂದ. ಹಳೆಯದಾಗಿತ್ತು, ಅಳಿಸಿಬಿಟ್ಟೆವು.

ಹೀಗೆ ಆ ಸುಳ್ಳು ಈಗ ಎಲ್ಲಿಯೂ ಇಲ್ಲ. ನಾನು ಸಂತೋಷಪಡಬೇಕಿತ್ತು. ಆದರೆ ಕಾಕಾನ ದನಿಯನ್ನು ನೆನೆಸಿಕೊಳ್ಳಲು ಹೋದರೆ ಮಾತುಗಳು ನೆನಪಾಗುತ್ತವೆ, ದನಿ ಬರುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಒಂದೇ ಇಟ್ಟಿಗೆಯ ಗೋಡೆಯಾಚೆ ಕೇಳಿದ ದನಿ...

ನಿನ್ನೆ ಊಟ ಆದ ಮೇಲೆ ಕಾಕು ನನ್ನನ್ನು ಏಳಲು ಬಿಡಲಿಲ್ಲ.

"ನಿನಗ ಬಾಯಿಪಾಠ ಇರಬೇಕಲ್ಲ. ಹೇಳವಾ, ಒಮ್ಮೆ."

ನಾನು ಬಾಗಿಲು ಮುಂದಕ್ಕೆ ಮಾಡಿ ಬಂದು ಅವರ ಎದುರಿಗೆ ಕುಳಿತೆ. ಯವ್ವಗೋಳ್ರ್ಯಾ, ಅಕ್ಕಗೋಳ್ರ್ಯಾ ಎಂದು ಶುರು ಮಾಡಿದೆ. ಒಂದು ಅಕ್ಷರ ಬಿಡದೆ ಕೊನೆಯವರೆಗೆ ಹೇಳಿದೆ. ಕಾಕು ತಲೆ ಬಾಗಿಸಿ ಕೇಳಿದರು. ಆಮೇಲೆ ಕೈಯಿಂದ ತಡವಿ ನನ್ನ ಮೊಣಕಾಲು ಹುಡುಕಿ, ಮೆಲ್ಲಗೆ ತಟ್ಟಿದರು.

"ಅಲ್ಲ ಯವ್ವಾ," ಎಂದರು. "ಹಂಗಲ್ಲ."